ನೀರಿನ ಪಾಳಿ

ಕಾರ್ಪೊರೇಶನ್ನಿನವರು ವೆಬ್‌ಸೈಟಿನಾಗ ಕ್ಯಾಲೆಂಡರ್ ಹಾಕ್ಯಾರಂತ
ಮೊದಲು ಹೇಳಿದಾಕಿ ಝರೀನಾ.
ಬ್ರಹ್ಮಪುರದ ನಮ್ಮ ಗಲ್ಲಿಗೆ ಐದು ದಿನಕ್ಕೊಮ್ಮೆ ನೀರು.
ನಮ್ಮನಿ ಮುಂದಿನ ಕೋಣಿನೇ ಝೆರಾಕ್ಸ್ ಅಂಗಡಿ.
"ನಿನ್ನ ಕಂಪ್ಯೂಟರಿಗೆ ಹಾಕು ಮಹಾನಂದಾ,
ಅದೇ ನಮ್ಮನ್ನ ಎಬ್ಬಸ್ತದ."

ಫೈಲ್ ಇಳಿಸಿದೆ. ಸಣ್ಣದು, ಹತ್ತು ಕೆಬಿನೂ ಇಲ್ಲ,
ಆರು ತಿಂಗಳ ನೀರು ಅಷ್ಟರೊಳಗ.
ಕ್ಯಾಲೆಂಡರ್ ತೆಗೆದು ಒಳಗ ಬಿಟ್ಟೆ.
ಏನೂ ಆಗಲಿಲ್ಲಂತ ಮತ್ತ ಬಿಟ್ಟೆ,
ಸಿಟ್ಟಿಗೆದ್ದು ಮತ್ತೊಮ್ಮೆ.
ಆಮ್ಯಾಲ ಒಮ್ಮೆಲೇ ತೆರಕೊಂಡಿತು:
ಮಂಗಳವಾರದ ಮನ್ಯಾಗ ಮೂರು ನೀಲಿ ಪಟ್ಟಿ,
ಭಾನುವಾರದ ಮನ್ಯಾಗ ಮೂರು,
ಹಿತ್ತಲದಾಗ ತಳ ಕಂಡ ಡ್ರಮ್ಮು.
ಹೆಚ್ಚಿನವನ್ನ ಒಂದೊಂದೇ ಒರಸಿದೆ,
ಎರಡು ಸ್ಪೀಕರ್ ಗಲ್ಲಿ ಕಡೆ ತಿರುಗಿಸಿಟ್ಟೆ.

ಮಂಗಳವಾರ ಗಂಟಿ ಬಾರಿಸಿತು, ಖರೆ.
ಹತ್ತೂವರಿಗೆ.
ಬಿಸಲಾಗ ಗಲ್ಲಿ ಪೂರ್ತಿ ಕೊಡ ಹಿಡಕೊಂಡು ನಿಂತಿತು.
ನಳ ಒಂದು ಹನಿ ಉಗುಳಲಿಲ್ಲ.
ನಾಗಿಂದ್ರಮ್ಮ ಹೊಸ್ತಿಲದಾಗ ಕೂತು ಅಂದಳು,
"ಐದಕ್ಕೇ ಬಂದು ಹೋಯ್ತಲ್ಲ, ನಾ ತುಂಬಿಕೊಂಡೀನಿ.
ನಿನ್ನ ಪೆಟಗಿ ಯಾವೂರ ಹೊತ್ತು ನೋಡ್ತದೋ!"

ಫೈಲನ್ನ ನೋಟ್‌ಪ್ಯಾಡಿನಾಗ ಬಿಚ್ಚಿ ನೋಡಿದೆ.
ಹೊತ್ತಿನ ಬಾಲಕ್ಕ ಒಂದು ಇಂಗ್ಲಿಷ್ ಅಕ್ಷರ, ಝಡ್.
ಐದು ಅಂದ್ರ ಲಂಡನ್ನಿನ ಕಡೆ ಯಾವುದೋ ಗುಡ್ಡದ ಐದು.
ಅಲ್ಲಿಂದ ಬ್ರಹ್ಮಪುರಕ್ಕ ಐದೂವರಿ ತಾಸಿನ ದಾರಿ.
ನಮ್ಮ ನೀರು ಕಡಲು ದಾಟಿ ಬರಬೇಕಿತ್ತೇನು,
ಭೀಮಾ ಹೊಳಿ ಇಲ್ಲೇ ಇರೂವಾಗ?
ಇದ್ದಬದ್ದ ಝಡ್ ಎಲ್ಲಾ ಕಿತ್ತೆ,
ಹಳೇದು ಅಳಿಸಿ ಹೊಸದು ತುಂಬಿದೆ, ಈ ಸಲ ಒಮ್ಮೆ ಮಾತ್ರ.

ಅವತ್ತೇ ಸಂಜಿಗೆ ವಾಲ್ವ್ ಬಿಡುವ ಭೀಮಶಾ ಬಂದ.
ಪಿಂಚಣಿ ಅರ್ಜಿಗೆ ಆಧಾರ್ ಝೆರಾಕ್ಸ್, ಎರಡು ಪ್ರತಿ.
ತನ್ನೆದಿ ಎತ್ತರದ ಕಬ್ಬಿಣದ ಕೀಲಿ ಬಾಗಿಲಿಗೆ ಆನಿಸಿ
"ಇದೇನದು?" ಅಂದ.
"ನಿಮ್ಮ ಪಾಳಿರೀ."
"ನನಗ ಕೇಳ್ದೇನೇ ಬರದಾರಲ್ಲ!"

ಅವನ ಬೆರಳು ಊರಿದಲ್ಲಿ
ತೆರಿ ಮ್ಯಾಲ ಸಣ್ಣದೊಂದು ತೆರಿ ಎದ್ದಿತು.
"ಶುಕ್ರವಾರ ತಪ್ಪು. ಅವತ್ತು ಮಸೂತಿ ಕಡೀದು ಮೊದಲು ತಿರುವ್ತೀನಿ,
ನಿಮಗ ಅರ್ಧ ತಾಸು ತಡ.
ಮೂಲಿ ಮನ್ಯಾಗ ಬಾಣಂತಿ ಅದಾಳ,
ಆ ಕಡೀ ವಾಲ್ವ್ ಪೂರ್ತಿ ಮುಚ್ಚಾಂಗಿಲ್ಲ, ಬರಕೋ.
ಕರೆಂಟ್ ಹೋದ್ರ ಟಾಕಿ ತುಂಬಂಗಿಲ್ಲ,
ಅದಕ್ಕೇನು ಬರೀತಿ?"
ಅದಕ್ಕ ಖಾನೆ ಇರಲಿಲ್ಲ.
ಟಿಪ್ಪಣಿಯೊಳಗ ಬರದೆ: ಭೀಮಶಾಗ ಕೇಳಬೇಕು.
"ಎಷ್ಟು ದಿನ ಕೇಳ್ತಿ? ಈ ತಿಂಗಳ ಕೊನಿಗೆ ಕೀಲಿ ವಾಪಸ್."

ಅದೇ ಹೊತ್ತಿಗೆ ಪ್ರೋಗ್ರಾಂ ಕೇಳಿತು,
ಈ ಬದಲಾವಣೆ ಇದೊಂದು ಸಲಕ್ಕೋ,
ಮುಂದಿನ ಎಲ್ಲಾ ಸಲಕ್ಕೋ.
ನಾ ಅವನ ಮಾರಿ ನೋಡಿದೆ.
ಅವ ಕಿಸೆದಾಗ ಚಿಲ್ಲರೆ ಹುಡುಕ್ತಿದ್ದ.
ಎಲ್ಲಾ ಸಲಕ್ಕ ಅಂತ ಒತ್ತಿ
ನಾಲ್ಕು ರೂಪಾಯಿ ತಗೊಂಡೆ.

ಭಾನುವಾರದ ಗಂಟಿ ಸರಿಯಾಗಿ ಐದಕ್ಕಿಟ್ಟಿದ್ದೆ.
ಅದಕ್ಕೂ ಮೊದಲು ನಳದಾಗ ಗಾಳಿ ಕೆಮ್ಮಿತು.
ಮ್ಯಾಲಿನ ಓಣ್ಯಾಗ
ಕಬ್ಬಿಣಕ್ಕ ಕಬ್ಬಿಣ ತಿಕ್ಕುವ ಸಪ್ಪಳ.
ಎರಡನೇ ಕೊಡ ಅರ್ಧ ಆಗಿತ್ತು,
ಸ್ಪೀಕರ್ ಎರಡೂ ಕೂಡಿ ಕೂಗಲಿಕ್ಕೆ ಹತ್ತಿದವು.
ಕತ್ತಲದಾಗ ಎಲ್ಲಿಂದಲೋ ನಾಗಿಂದ್ರಮ್ಮ:
"ಈಗ ಎದ್ದಿತೇನವ್ವಾ ಅದು?"