ಹುರುಳಿ ಲೆಕ್ಕ

ದಸರೆ ಮುಗಿದ ಮೇಲೆ ಎರಡು ದಿನ
ಸುರಂಗಿಗೆ ರಜೆ ಕೊಟ್ಟರು ಅಬ್ಬಾ.
ಹತ್ತು ರಾತ್ರಿ ದೀಪ ನೋಡುವವರನ್ನು ಎಳೆದಿದ್ದಳು
ಸರ್ಕಲ್ಲಿನಿಂದ ಸರ್ಕಲ್ಲಿಗೆ.
ತಿನ್ನಲಿ ಪಾಪ, ಎಂದು
ಬೇಯಿಸಿದ ಹುರುಳಿ ಎರಡು ಸೇರು, ಮೇಲೆ ಬೆಲ್ಲ,
ಸಂಜೆಗೆ ಮತ್ತೆ ಎರಡು ಸೇರು.
ನಮಗೆ ಅದರ ಕಟ್ಟಿನ ಸಾರು.
ಕಟ್ಟಿದಲ್ಲೇ ನಿಂತು ತಿಂದಳು,
ತಿಂದು ಮತ್ತೆ ಅಲ್ಲೇ ನಿಂತಳು.

ಸೋಮವಾರ ಗಾಡಿ ಚೌಕ ಬಿಟ್ಟು
ಅಶೋಕ ರಸ್ತೆಯಲ್ಲಿ ಇಗರ್ಜಿಯ ಗೋಪುರ ಕಾಣುವಷ್ಟರಲ್ಲಿ
ಹೆಜ್ಜೆ ಗಿಡ್ಡವಾಯಿತು.
ತಂಪು ಹೊತ್ತಿನಲ್ಲಿ ಕುತ್ತಿಗೆಯೆಲ್ಲ ಬೆವರು,
ತೊಡೆ ಮುಟ್ಟಿದರೆ ಒರಳುಕಲ್ಲು.
ಸೊಕ್ಕು ಸಾಬ್ರೇ, ಅಂದ ಪಕ್ಕದ ಆಟೋದ ಚಿಕ್ಕಮಾದು,
ಹುರುಳಿ ಸೊಕ್ಕು, ಎರಡು ಬಿಡಿ.

ಅಬ್ಬಾ ಚಾಟಿ ಎತ್ತಿದ್ದು ನಿಜ.
ನಾನು ಹೇಳುವ ಮೊದಲು ಅವರೇ ಹೇಳುತ್ತಾರೆ ಅದನ್ನು.
ಎತ್ತಿದ ಕೈ ಇನ್ನೂ ಮೇಲಿರುವಾಗ
ಅವಳು ಕಾಲಗಲಿಸಿ ಉಚ್ಚೆ ಹೊಯ್ದಳು.
ಡಿಕಾಕ್ಷನ್.
ಮೊದಲ ಸಲ ಇಳಿಸಿದ ಗಟ್ಟಿ ಡಿಕಾಕ್ಷನ್,
ಟಾರಿನ ಮೇಲೂ ಕಪ್ಪಾಗಿ ಕಾಣುವಂಥದು.

ಮೆಲ್ಲಗೆ ಮನೆಗೆ ನಡೆಸಿ ಎಂದರು ನಾಲ್ಕು ಜನ.
ಫೋನಿನಲ್ಲಿ ಡಾಕ್ಟರ್ ನಂಜಾಮಣಿ:
ಒಂದು ಹೆಜ್ಜೆಯೂ ಬೇಡ. ಎಲ್ಲಿದ್ದಾಳೋ ಅಲ್ಲೇ. ನೀರು ಕೊಡಿ.
ಹಾಗಾಗಿ ನಡುರಸ್ತೆಯಲ್ಲಿ ನಮ್ಮ ಮನೆ.
ಗಾಡಿ ಕಳಚಿ ಪಕ್ಕಕ್ಕೆ, ಅವಳ ಬೆನ್ನಿಗೆ ನಮ್ಮ ರಜಾಯಿ,
ಬಕೆಟ್ಟು ಹಿಡಿದು ನಾನು, ಸ್ಕೂಲಿನ ಯೂನಿಫಾರಂನಲ್ಲಿ.
ಬಸ್ಸುಗಳು ನಮ್ಮನ್ನು ಬಳಸಿ ಹೋದವು.
ಎರಡು ಬಿಡಿ ಅಂದ ಚಿಕ್ಕಮಾದುವೇ
ಸಲೈನ್ ಬಾಟಲಿ ಎತ್ತಿ ಹಿಡಿದು ನಿಂತ,
ಎಡಗೈ ಸೋತಾಗ ಬಲಗೈ, ಮಧ್ಯಾಹ್ನದವರೆಗೆ.

ಏನು ಹಾಕಿದಿರಿ? ಡಾಕ್ಟರು ಕೇಳಿದರು.
ನಾವು ತಿನ್ನೋದಕ್ಕಿಂತ ಚೆನ್ನಾಗೇ, ಮೇಡಂ.
ನಿಂತ ದಿನವೂ?
ನಿಂತ ದಿನ ಇನ್ನೂ ಜಾಸ್ತಿ. ಪ್ರೀತಿಗೆ.
ಗೊತ್ತು, ಎಂದು ಸೂಜಿ ಬದಲಿಸಿದರು.
ಆಮೇಲೆ, ನಮಗೆ ಹೇಳಿದರೋ ಕುದುರೆಗೋ,
ಮಾಂಸವೇ ಕರಗಿ ಇಳಿದಿದೆ ಇದು, ಬರಿ ಬಣ್ಣ ಅಲ್ಲ.

ಹದಿನೆಂಟು ದಿನ ಗಾಡಿ ಇಲ್ಲ.
ಮೊದಮೊದಲು ಅಂಗಳ ದಾಟಿದರೆ ಸಾಕು,
ಆಮೇಲೆ ಬೀದಿಯ ತುದಿ,
ರಕ್ತ ನೋಡಿ, ಇನ್ನೊಂದು ಬೀದಿ.
ನಲವತ್ತು ವರ್ಷ ಕುದುರೆ ಕಟ್ಟಿದವರು
ಹನ್ನೊಂದು ವರ್ಷದ ಮಗಳ ಕೈಗೆ ಪಾವು ಕೊಟ್ಟು
ನೀನೇ ಅಳಿ, ನನ್ನ ಕೈ ಹೆಚ್ಚು ಹಾಕುತ್ತೆ ಎಂದರು.

ಹಾಗೆ ಬಂತು ಹುರುಳಿ ಲೆಕ್ಕ ನನ್ನ ಪಾಲಿಗೆ.
ದುಡಿದ ದಿನಕ್ಕೆ ಎಷ್ಟೋ, ನಿಂತ ದಿನಕ್ಕೆ ಅದರ ಕಾಲು.
ಮಿಕ್ಕಿದ್ದೆಲ್ಲ ಹುಲ್ಲು, ಒಂದು ಹಿಡಿ ಉಪ್ಪು,
ಕಡಲೆಕಾಯಿ ಎಣ್ಣೆ ಚಮಚ ಚಮಚ ಏರಿಸಿ ಒಂದು ಲೋಟದವರೆಗೆ.
ಅಮ್ಮಿ ನಾಲ್ಕು ಪೂರಿ ಕರಿಯಲು
ಕುದುರೆಯ ಡಬ್ಬಿಯಿಂದ ಸಾಲ ತೆಗೆಯುತ್ತಾಳೆ.

ಮತ್ತು ನಡಿಗೆ. ರಜೆ ಇದ್ದರಂತೂ ನಡಿಗೆ.
ಹಬ್ಬದ ನಮಾಜು ಮುಗಿಸಿ, ಹೊಸ ಜುಬ್ಬಾದಲ್ಲೇ,
ಗಾಡಿಯಿಲ್ಲದ ಕುದುರೆಯನ್ನು ಹಿಡಿದು
ಅಬ್ಬಾ ಲಷ್ಕರ್ ಮೊಹಲ್ಲಾ ಸುತ್ತುತ್ತಾರೆ.
ಗಾಡಿ ಮಾರಿಬಿಟ್ರಾ? ಕೇಳುತ್ತಾರೆ ಜನ.
ಬಂದ್ ದಿನ ಪೊಲೀಸಪ್ಪ ಲಾಠಿ ಅಡ್ಡ ಹಿಡಿದ,
ಇವತ್ತೂ ರಜೆ ಇಲ್ಲವೇನಯ್ಯಾ ಇದಕ್ಕೆ?
ರಜೆಯೇ ಇದರ ಕಾಯಿಲೆ ಸಾರ್,
ಅಂದರು ಅಬ್ಬಾ. ಅವನು ನಗಲಿಲ್ಲ. ಬಿಟ್ಟ.

ಒಂಬತ್ತು ವರ್ಷವಾಯಿತು.
ಎರಡು ಸಲ ಹೆಜ್ಜೆ ಗಿಡ್ಡವಾದದ್ದುಂಟು,
ಎರಡು ಸಲವೂ ಅಬ್ಬಾ ಅಲ್ಲೇ ನಿಂತರು,
ಸವಾರಿಯ ದುಡ್ಡು ವಾಪಸು ಕೊಟ್ಟು.
ಕರಿ ಕಾಫಿ ಮಾತ್ರ ಅಂದಿನಿಂದ ಮುಟ್ಟಲಿಲ್ಲ.
ಲೋಟದಲ್ಲಿ ಕಂಡರೂ
ಎದ್ದು ಹೊರಗೆ ಹೋಗುತ್ತಾರೆ.

ನಸುಕಿನಲ್ಲಿ, ಕತ್ತಲಿರುವಾಗಲೇ,
ಕಲ್ಲುಹಾಸಿನ ಮೇಲೆ ಧಾರೆ ಸದ್ದು ಕೇಳುತ್ತದೆ.
ಟಾರ್ಚ್ ಹಿಡಿದು ಓಡುತ್ತೇನೆ.
ಒಳಗೆ ಚಾಪೆಯ ಮೇಲೆ
ಎಚ್ಚರವಾಗಿಯೇ ಮಲಗಿರುತ್ತಾರೆ ಅವರು.
ಹಳದಿ, ಎಂದು ಕೂಗುತ್ತೇನೆ, ಮಬ್ಬು ಹಳದಿ.
ಆಮೇಲೆ ಮಗ್ಗುಲು ಬದಲಿಸಿ ಏಳುವ ಸದ್ದು.