ಮುಹರ್ರಕ್‌ನಲ್ಲಿ ಉಪ್ಪಿನ ಅಳತೆ

ಶುಕ್ರವಾರ ರಾತ್ರಿ ಮಾತ್ರ ಮಿಷನ್ ನಮ್ಮದು.
ರೋಗಿಗಳಿಲ್ಲದ ಹೊತ್ತು. ಹೀಲಿಯಂ ಪಂಪು
ಗೋಡೆಯಾಚೆ ಹಲ್ಲಿಯ ಹಾಗೆ ಲೊಚಗುಡುತ್ತಿರುತ್ತದೆ.
ಮೊದಲು ಬಾಟಲಿಯನ್ನು ಮಲಗಿಸುತ್ತೇನೆ:
ಇಫ್ತಾರಿನ ಪುಡಿಂಗಿಗೆ ಹಾಕುವ ಅದೇ ಚೈನಾಗ್ರಾಸ್,
ಹಾಲು ಸಕ್ಕರೆಯ ಬದಲು ತೂಗಿ ಹಾಕಿದ ಉಪ್ಪು,
ಲೀಟರಿಗೆ ಮೂರು ಗ್ರಾಂ.
ಮುಚ್ಚಳದ ಮೇಲೆ ನನ್ನ ಕೈಬರಹ: ತಿನ್ನಬೇಡಿ.

ತಂತಿ ಚುಚ್ಚುವುದಿಲ್ಲ, ಪಟ್ಟಿ ಅಂಟಿಸುವುದಿಲ್ಲ.
ರೇಡಿಯೋ ಅಲೆಯೊಂದು ಮೈಯೊಳಗೆ ಹೊಕ್ಕು
ಎಲ್ಲಿ ಎಷ್ಟು ತಡವಾಯಿತು, ಎಲ್ಲಿ ಬಾಗಿತು,
ಆ ಬಾಗನ್ನು ಲೆಕ್ಕಕ್ಕೆ ಹಿಡಿದರೆ
ವಿದ್ಯುತ್ತಿಗೆ ದಾರಿ ಬಿಡುವ ಜಾಗ ಗೊತ್ತಾಗುತ್ತದೆ
ಎನ್ನುತ್ತಾರೆ ಡಾಕ್ಟರ್ ಬುದೂರ್.
ಅವರ ಮುತ್ತಜ್ಜ ಮುತ್ತಿನ ದೋಣಿಯಲ್ಲಿ ಹಗ್ಗ ಎಳೆದವನು.
ಬಾಯಾರಿದಾಗ ಮುಳುಗುವವರು ತೊಗಲಿನ ಚೀಲ ಹಿಡಿದು
ಕಡಲ ತಳಕ್ಕೇ ಹೋಗುತ್ತಿದ್ದರಂತೆ,
ಅಲ್ಲಿ ಮರಳು ಸೀಳಿಕೊಂಡು ಸಿಹಿನೀರು ಉಕ್ಕುತ್ತಿತ್ತಂತೆ,
ಕಾಲಿಗೆ ತಣ್ಣಗೆ ತಗುಲಿದರೆ ಅದೇ ಗುರುತು.
ಈಗ ಆ ಊಟೆಗಳು ಬತ್ತಿವೆ.
ನಲ್ಲಿಯಲ್ಲಿ ಬರುವುದು ಉಪ್ಪು ಕಳೆದ ಕಡಲು.
"ಅವರು ಉಪ್ಪಿನಲ್ಲಿ ಸಿಹಿ ಹುಡುಕಿದರು, ಐರಿನ್,
ನಮಗೆ ಬೇಕಾದದ್ದು ಉಪ್ಪು."
ಗಡ್ಡೆಯೊಳಗೆ ಸೋಡಿಯಂ ಹೆಚ್ಚಂತೆ. ಅದಕ್ಕೇ.

ಬಾಟಲಿಯಾದ ಮೇಲೆ ಗಟ್ಟಿಮುಟ್ಟಾದ ಮನುಷ್ಯ ಬೇಕು.
ಹುಲಿಗೆಪ್ಪ ಒಪ್ಪಿದ, ಕುಷ್ಟಗಿ ಕಡೆಯವನು,
ಈ ಕಟ್ಟಡದ ಎಲೆಕ್ಟ್ರಿಷಿಯನ್, ಇಪ್ಪತ್ತೆರಡು ವರ್ಷ.
ಬೆಲ್ಟು ತೆಗೆದ, ಕೀಲಿಗೊಂಚಲು ತೆಗೆದ,
ಕಿಸೆಯ ಟೆಸ್ಟರ್ ತೆಗೆಯುವಾಗ ಕೈ ತಡೆಯಿತು.
ಉಡಿದಾರದ ತಾಯಿತಕ್ಕೆ ಇನ್ನಷ್ಟು ಹೊತ್ತು.
ಅವನು ಮಡಿಸಿಟ್ಟ ಅಂಗಿಯ ಬೆನ್ನಲ್ಲಿ
ಒಣಗಿದ ಬೆವರಿನ ಬಿಳಿ ಗೆರೆ,
ಆಗಸ್ಟ್ ತಿಂಗಳ ಟೆರೇಸಿನಲ್ಲಿ ಎಸಿ ರಿಪೇರಿ ಮಾಡಿದ ಲೆಕ್ಕ.
"ಅಕ್ಕಾರ, ನನ್ನೊಳಗ ಕರೆಂಟ್ ಹರೀತದೇನ್ರಿ?"
ಅಲ್ಲಾಡಬೇಡ, ಎಂದೆ.

ಹನ್ನೊಂದು ನಿಮಿಷ ಬಡಿಯಿತು ಮಿಷನ್.
ಆಮೇಲೆ ಪರದೆಯ ಮೇಲೆ ಅವನ ತಲೆ:
ನಡುವಿನ ನೀರಿನ ಕೊಳ ಉರಿಯುವ ಹಳದಿ,
ಸುತ್ತ ಮಂದ ಕೆಂಪು, ಅದರಾಚೆ ಕತ್ತಲೆ.
ಒಂದು ಪದರ ಮುಗಿದು ಇನ್ನೊಂದು ಶುರುವಾಗುವಲ್ಲೆಲ್ಲ
ಚಿತ್ರ ಚಿಂದಿ. ಇಲ್ಲದ ಬೆಳಕು, ಇಲ್ಲದ ಕತ್ತಲು.
ಡಾಕ್ಟರ್ ನಿಟ್ಟುಸಿರಿಟ್ಟರು. ನಾಲ್ಕು ವರ್ಷದಿಂದ
ಇದೇ ಜಗಳ, ಗಣಿತ ಒಳಗೆಲ್ಲ ಸರಿ,
ಅಂಚು ಬಂದರೆ ಸುಳ್ಳು ಹೇಳುತ್ತದೆ.
ನಾನು ಕನ್ನಡದಲ್ಲಿ ಹೇಳಿದೆ. ಹುಲಿಗೆಪ್ಪ ನಕ್ಕ:
"ಜಾಯಿಂಟಿನ್ಯಾಗ ಯಾವಾಗ್ಲೂ ತ್ರಾಸ ರೀ.
ವಯರ್ ನಡುವ ಏನೂ ಆಗಂಗಿಲ್ಲ.
ಕೂಡೂ ಜಾಗದಾಗ ನೋಡ್ರಿ ಮೊದಲ."
ಅದನ್ನು ಅರಬ್ಬಿಗೆ ತಿರುಗಿಸುವಾಗ ನನಗೆ
ಕೂಡುವುದಕ್ಕೆ ಸರಿಯಾದ ಮಾತು ಸಿಗಲಿಲ್ಲ,
ಎರಡು ಬೆರಳು ಹೆಣೆದು ತೋರಿಸಿದೆ.
ಬುದೂರ್ ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದರು.

ಹೊರಡುವಾಗ ತಾಯಿತ ಕಟ್ಟಿಕೊಂಡ, ಅಂಗಿ ತೊಟ್ಟ,
ಕಾರಿಡಾರಿನ ಪ್ಲಗ್ಗಿನ ಕಿಂಡಿಗೆ ಟೆಸ್ಟರ್ ತೂರಿಸಿ
ಹಿಂಬದಿಗೆ ಹೆಬ್ಬೆಟ್ಟು ಒತ್ತಿದ.
ಹಿಡಿಕೆಯೊಳಗೆ ಕಿತ್ತಳೆ ಬಣ್ಣದ ಸಾಸಿವೆಯಷ್ಟು ದೀಪ.
"ಇದು ಹತ್ತೂದು ನನ್ನ ಮೈಯಾಗ ಹಾದು ನೆಲಕ್ಕ ಹೋದ್ರನ ರೀ.
ಇಪ್ಪತ್ತೆರಡು ವರ್ಷ ದಿನಾ ನೋಡೇನಿ."
ಆಮೇಲೆ ಬಾಟಲಿಯತ್ತ ಕಣ್ಣು ಹಾಯಿಸಿ,
ಅದನ್ನು ನಿಜವಾಗಲೂ ತಿನ್ನಬಾರದೇ ಎಂದು ಕೇಳಿದ.