ಹಗಲು ಮಾತ್ರ

ಡಾಕ್ಟರ್ ನಜರೆತ್ ಚುಕ್ಕಿಗಳ ಪುಸ್ತಕ ತೆರೆದರು.
ಮೊದಲ ಪುಟದಲ್ಲಿ ಹನ್ನೆರಡು ಕಂಡಿತು, ಹೇಳಿದೆ.
ಎರಡನೆಯದರಲ್ಲಿ ಬಂಗಡೆಯ ಬೆನ್ನು ಕಂಡಿತು,
ಅದನ್ನೂ ಹೇಳಿದೆ. ನಗಲಿಲ್ಲ ಅವರು.

ಅಲ್ಲಿಯವರೆಗೆ ಎಲ್ಲ ಸಲೀಸು.
ಎರಡೇ ಸೀಟಿನ ವಿಮಾನ, ಬರೀ ಖುಷಿಗೆ ಹಾರಿಸಲು ಲೈಸೆನ್ಸು.
ಹದಿನೆಂಟು ತುಂಬಿರಬೇಕು: ತುಂಬಿ ಮೂವತ್ತೊಂದು ವರ್ಷ.
ಹತ್ತನೇ ತರಗತಿ: ಮೂರನೇ ಸಲಕ್ಕೆ, ಗಣಿತಕ್ಕೆ ಮೂವತ್ತೈದು.
ಕಿವಿ: ಟ್ರಾಲರಿನ ಇಂಜಿನ್ನಿನ ಪಕ್ಕ ಸವೆದದ್ದು,
ಆದರೂ ಬೈತಖೋಲದ ಹರಾಜಿನಲ್ಲಿ
ಯಾರು ಎಷ್ಟು ಕೂಗಿದರೆಂದು ತಪ್ಪಿದ್ದಿಲ್ಲ.
ವಿಮಾನ, ಪೆಟ್ರೋಲು, ನಾನು, ಪಕ್ಕದವನು
ಎಲ್ಲ ಸೇರಿ ಆರುನೂರು ಕಿಲೋ ಮೀರಬಾರದಂತೆ.
ಒಳ್ಳೆಯ ದಿನ ನಮ್ಮ 'ಜೈ ಸಾತೇರಿ'ಯ ಒಂದು ಬಲೆ
ಅದಕ್ಕಿಂತ ಹೆಚ್ಚು ಮೀನು ಎತ್ತುತ್ತದೆ.
ಅರ್ಗಾದ ಕಡೆ ತಿರುಗುವಂತಿಲ್ಲ, ಅದು ನೌಕಾದಳದ ಆಕಾಶ,
ಅಲ್ಲಿ ಕಾಗೆಯೂ ಪಾಸು ತೋರಿಸಿ ಹಾರುತ್ತದೆ.
ಒಪ್ಪಿದೆ. ಸಮುದ್ರದಲ್ಲೂ ಅವರ ಗೆರೆ ಇದೆ,
ದಾಟದೆ ಮೀನು ಹಿಡಿದು ಅಭ್ಯಾಸ.

ಈ ಚುಕ್ಕಿಗಳಲ್ಲಿ ಮಾತ್ರ ಸಿಕ್ಕಿಬಿದ್ದೆ.

'ಇಷ್ಟು ವರ್ಷ ರಾತ್ರಿ ಹೇಗೆ ದೋಣಿ ನಡೆಸಿದಿರಿ, ತಾಂಡೇಲರೆ?
ಎಡಕ್ಕೆ ಕೆಂಪು, ಬಲಕ್ಕೆ ಹಸಿರು.
ವಿಮಾನಕ್ಕೂ ಅದೇ ಲೆಕ್ಕ.'

ನನಗೆ ಕೆಂಪು ಹಸಿರು ಅಂತ ಇರಲೇ ಇಲ್ಲ ಡಾಕ್ಟರೆ.
ಒಂದು ಮಂಕು, ಒಂದು ಚುರುಕು.
ಪುರಸೋ ಮಾವ ಚುಕ್ಕಾಣಿ ಕೊಟ್ಟ ದಿನ ಹೇಳಿದ್ದು ಅಷ್ಟೇ:
ಮಂಕು ಕಂಡರೆ ದಾರಿ ಬಿಡು,
ಚುರುಕು ಕಂಡರೆ ನಿನ್ನ ದಾರಿ ನಿನಗೆ.

ಹೇಳುತ್ತ ಹೇಳುತ್ತ ಬಾಯಿ ನಿಂತಿತು.
ಹಸಿರು ಬಳಿಯುತ್ತೇನೆಂದು ಮಾವ
ಇಡೀ ದೋಣಿಗೆ ಇಟ್ಟಿಗೆ ಬಣ್ಣ ಬಳಿದದ್ದು,
ಬಂದರಿಗೆ ಬಂದರೇ ನಕ್ಕದ್ದು,
'ಬೇಕಂತಲೇ ಬಳಿದೆ' ಎಂದು ಅವನು ಬೀಡಿ ಹಚ್ಚಿದ್ದು.

'ತಾಯಿಯ ಕಡೆಯಿಂದ ಬರುತ್ತದೆ' ಎಂದರು ಡಾಕ್ಟರು.
ಕಾಗದ ಎಳೆದುಕೊಂಡು ಬರೆದರು: ಹಗಲು ಮಾತ್ರ.
ಹೊತ್ತು ಮುಳುಗುವ ಮುನ್ನ ಚಕ್ರ ನೆಲ ಮುಟ್ಟಿರಬೇಕು.
ಆಗಲಿ. ಇರುಳನ್ನೆಲ್ಲ ಹೊಟ್ಟೆಪಾಡಿಗೆ ಕೊಟ್ಟವನು,
ಆಟಕ್ಕೆ ಹಗಲೇ ಇರಲಿ.

ಸಂಜೆ ಕಾಳಿ ಸೇತುವೆ ದಾಟಿ ಮಾವನಲ್ಲಿಗೆ ಹೋದೆ.
ಎಂಬತ್ತಾರರ ಮಾವ ಬಲೆಯ ತೂತು ಹೊಲಿಯುತ್ತ ಕೂತಿದ್ದ.
ದೋಣಿಯ ಮಾತು ಎತ್ತಲಿಲ್ಲ.
'ಮಾವ, ಆ ಸದಾಶಿವಗಡದ ಗುಡ್ಡ ಯಾವ ಬಣ್ಣ?'

ತಲೆಯೆತ್ತದೆ ಹೇಳಿದ: 'ಗುಡ್ಡದ್ದು ಗುಡ್ಡದ ಬಣ್ಣ.'

ಆಮೇಲೆ ಸೂಜಿ ನಿಲ್ಲಿಸಿ, ನನ್ನ ಕಿಸೆಯ ಕಾಗದ ನೋಡಿ,
'ಅದು ಗಂಟೆಗೆ ಎಷ್ಟು ಎಣ್ಣೆ ಕುಡೀತದೆ?'